ಮೊಮ್ಮಗಳಿಗೊಂದು ಮಣ್ಣಿನ ಮೇಲ್ಮುದ್ದೆ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಇದನ್ನು ಮೊದಲು ಬರೆಯದೆ ಹೋದರೆ ಮುಂದಿನ ಸಾಲುಗಳು ನೆಟ್ಟಗೆ ನಿಲ್ಲುವುದಿಲ್ಲ. ತಳಪಾಯ ಹಾಕದೆ ಗೋಡೆ ಎಬ್ಬಿಸಿದಂತಾಗುತ್ತದೆ. ನಾನು ಗೌಂಡಿ, ಮನೆ ಕಟ್ಟುವವನು. ನಾಲ್ಕನೆಯ ಇಯತ್ತೆ ಮುಗಿಸಿ ಕರಣಿ ಹಿಡಿದೆ, ಮತ್ತೆ ಪೆನ್ನು ಹಿಡಿದದ್ದು ಈಗಲೇ. ಕೂಸು ಹುಟ್ಟಿದ ದಿನ ಇಂಡಿ ಪಟ್ಟಣದ ಆಸ್ಪತ್ರೆಯಿಂದ ಊರಿಗೆ ಬರುವಾಗ ಬಸ್ಸಿನ ಕಂಡಕ್ಟರನಿಗೆ ಹೇಳಿದೆ. ಆತ ಟಿಕೆಟ್ ಹರಿಯುತ್ತ "ಯಾರ್ ಹಂಗ ಐತಿ ಮುತ್ಯಾ?" ಎಂದು ಕೇಳಿದ್ದೇ ತಪ್ಪಾಯಿತು. ಮೂಗು, ಹಣೆ, ಬಲಗಿವಿಯ ಹಿಂದಿನ ಮಚ್ಚೆ, ಎಲ್ಲ ಹೇಳಿ ಮುಗಿಸುವಷ್ಟರಲ್ಲಿ ನನ್ನ ನಿಲ್ದಾಣ ದಾಟಿ ಹೋಗಿತ್ತು. ತಾಂಬಾದ ಸಂತೆಯಲ್ಲಿ ನಿಂಬೆಹಣ್ಣು ಮಾರುವವಳಿಗೂ ಹೇಳಿದೆ. ಕಡೆಗೆ ನನ್ನ ಹೆಂಡತಿ ಅಂದಳು: "ಊರ ಮಂದಿಗಿ ಹೇಳಿ ಮುಗೀತು. ಇನ್ನ ಉಳದದ್ದು ಹಾಳಿ ಮ್ಯಾಲ ಬರೀರಿ, ನಮ್ಮ ಕಿವಿಯರ ಉಳೀತಾವು."

ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಕಡೆ ಚೊಚ್ಚಲ ಬಾಣಂತನ ತವರುಮನೆಯಲ್ಲಿ. ಐದು ತಿಂಗಳು ತುಂಬುವ ತನಕ ಕೂಸು ನಮ್ಮದು. ಆಮೇಲೆ ತೊಟ್ಟಿಲ ಸಮೇತ ಮುದ್ದೇಬಿಹಾಳಕ್ಕೆ, ನನ್ನ ಮಗಳ ಗಂಡನ ಮನೆಗೆ. ಈ ಐದು ತಿಂಗಳಲ್ಲಿ ಒಂದು ದಿನ ಕಡಿಮೆಯಾದರೂ ನನಗೆ ಸೈರಣೆ ಇಲ್ಲ. ಆದರೆ ಎರಡನೆಯ ತಿಂಗಳಿಗೇ ಕೂಸು ಹೊರಟುಹೋಗುವ ಹಾಗಾಯಿತು. ಹಾಗೆ ಮಾಡಿದ್ದು ಬಿಸಿಲು.

ಯುಗಾದಿಯ ಆಸುಪಾಸಿನಲ್ಲಿ ಹುಟ್ಟಿದ ಕೂಸು. ನಮ್ಮ ಭಾಗಕ್ಕೆ ಬಿಸಿಲು ಹೊಸತಲ್ಲ, ನಾವೆಲ್ಲ ಅದರಲ್ಲೇ ಬೆಳೆದವರು. ಆದರೆ ಮೊದಲು ಬಿಸಿಲಿಗೂ ಒಂದು ಮರ್ಯಾದೆ ಇತ್ತು. ಹೊತ್ತು ಮುಳುಗಿದ ಮೇಲೆ ಅದೂ ಮನೆಗೆ ಹೋಗುತ್ತಿತ್ತು. ಈಗ ಹೋಗುವುದಿಲ್ಲ, ನಮ್ಮ ಸ್ಲ್ಯಾಬಿನೊಳಗೇ ಕುಳಿತುಬಿಡುತ್ತದೆ. ಫ್ಯಾನು ಹಚ್ಚಿದರೆ ಆ ಕಾವನ್ನೇ ಕೆಳಗೆ ದಬ್ಬುತ್ತದೆ. ಕೂಸಿನ ಕೊರಳಿಗೆ, ಕಂಕುಳಿಗೆ ಬೆವರುಗುಳ್ಳೆ ಎದ್ದವು. ಮಧ್ಯಾಹ್ನವಾದರೆ ಅಳು. ಡಾಕ್ಟರು ನೋಡಿ, "ಔಷಧ ಏನೂ ಬ್ಯಾಡ, ಗಾಳಿ ಆಡುವಲ್ಲಿ ತಂಪಾಗಿಡ್ರಿ," ಎಂದರು. ತಂಪನ್ನು ಎಲ್ಲಿಂದ ತರಲಿ?

ಆ ಸ್ಲ್ಯಾಬು ಹಾಕಿದವನು ನಾನೇ. ಇದನ್ನು ಹೇಳದೆ ಮುಂದೆ ಹೋಗಬಾರದು.

ನಮ್ಮ ಮನೆಗಳಿಗೆ ಮೊದಲು ಮಣ್ಣಿನ ಮಾಡು ಇರುತ್ತಿತ್ತು. ಅದನ್ನು ಮೇಲ್ಮುದ್ದೆ ಎನ್ನುತ್ತೇವೆ. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ತೊಗರಿಕಟ್ಟಿಗೆ, ಅದರ ಮೇಲೆ ಬೇವಿನ ಸೊಪ್ಪು-ತಪ್ಪಲು, ಅದರ ಮೇಲೆ ದಪ್ಪನಾಗಿ ಮಣ್ಣು, ಎಲ್ಲದರ ಮೇಲೆ ನೀರನ್ನು ಜಾರಿಸುವ ಬಿಳಿ ಸವಳು ಮಣ್ಣು. ಪ್ರತಿ ಬೇಸಿಗೆಯಲ್ಲಿ ಹೊಸ ಸವಳು ಹೊತ್ತು ಹಾಕಿ ತುಳಿಯಬೇಕು. ನನ್ನ ಅಪ್ಪ ಹಾಗೆ ಹೊತ್ತು ತುಳಿದವನು. ದೊಡ್ಡವರ ಮನೆಗಳಿಗೆ ಹೊರಗಿನಿಂದ ನಿಚ್ಚಣಿಕೆ ಹಚ್ಚಿ ಏರುತ್ತಿದ್ದ, ಹೊರಗಿನಿಂದಲೇ ಇಳಿಯುತ್ತಿದ್ದ. ಅವರ ತಲೆಯ ಮೇಲೆ ಓಡಾಡಲು ಅವನಿಗೆ ಅಡ್ಡಿ ಇರಲಿಲ್ಲ, ಅವರ ಹೊಸ್ತಿಲು ದಾಟಲು ಇತ್ತು. ಕುಡಿಯಲು ನೀರು ಕೇಳಿದರೆ ಬೊಗಸೆಗೆ ಮೇಲಿನಿಂದ ಸುರಿಯುತ್ತಿದ್ದರು.

ನಾನು ಹರೆಯಕ್ಕೆ ಬಂದ ವರ್ಷ ನಮ್ಮ ಕೇರಿಯವರು ಬುದ್ಧನಿಗೆ ಶರಣು ಹೋದರು. ಅದೇ ವರ್ಷ ನಾನು ಸಿಮೆಂಟಿನ ಕೆಲಸ ಕಲಿತೆ. ನನ್ನ ಮಟ್ಟಿಗೆ ಎರಡೂ ಒಂದೇ ಆಗಿದ್ದವು: ತಲೆ ಎತ್ತಿ ನಿಲ್ಲುವುದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಹೂವಿನ ಹಿಪ್ಪರಗಿ, ನಾನು ಮೇಲ್ಮುದ್ದೆ ಕಿತ್ತು ಸ್ಲ್ಯಾಬು ಹಾಕದ ಊರಿಲ್ಲ. ಗುದ್ದಲಿ ಹಾಕಿ ಹಳೆಯ ಮಣ್ಣು ಕೆಳಗೆ ಬೀಳಿಸುವಾಗ ಅಪ್ಪನ ತಲೆಯ ಮೇಲಿನ ಬುಟ್ಟಿಯನ್ನೇ ಕೆಳಗಿಳಿಸಿದಷ್ಟು ಹಗುರಾಗುತ್ತಿತ್ತು. ನಮ್ಮ ಮನೆಗೂ ಹಾಕಿದೆ. ಹಿತ್ತಲಲ್ಲಿ ಅಪ್ಪ ಕಟ್ಟಿಕೊಂಡಿದ್ದ ಒಂದು ಖೋಲಿ ಮಾತ್ರ ಸೆಗಣಿಯ ಕುಳ್ಳು ಒಟ್ಟಲು ಇರಲಿ ಎಂದು ಬಿಟ್ಟಿದ್ದೆ.

ಈಗ ಆ ಬಿಸಿಲಿಗೆ ಬೀಗತಿ ಬಂದರು. ಮಗಳ ಅತ್ತೆ. ಗಟ್ಟಿ ಬಾಯಿಯ ಹೆಂಗಸು, ಮನಸ್ಸು ಹತ್ತಿ. ತೊಟ್ಟಿಲಿಗೆ ಬಗ್ಗಿ ನೋಡಿ ಎದೆಗೆ ಕೈ ಇಟ್ಟುಕೊಂಡರು.

"ಯವ್ವಾ, ಕೂಸು ಸುಟ್ಟ ಬದನಿಕಾಯಿ ಆಗೇತಲ್ಲ! ಏನ್ ಬೀಗರ, ಮನಿ ಕಟ್ಟೀರೋ ಭಟ್ಟಿ ಕಟ್ಟೀರೋ?"

"ಬ್ಯಾಸಗಿ ಅಲ್ರಿ ಅಕ್ಕಾರ, ಎಲ್ಲಾ ಕಡಿ ಹಿಂಗ ಐತಿ."

"ನಮ್ಮ ಮನ್ಯಾಗ ಹಿಂಗಿಲ್ಲ. ಹೋದ ವರ್ಷ ಎಸಿ ಕುಂಡ್ರಿಸೇವಿ. ಆಗಿ ಹುಣ್ಣಿಮಿ ಮರುದಿನ ಗಾಡಿ ತರ್ತೇನಿ. ತಾಯಿನ್ನೂ ಕೂಸಿನ್ನೂ ಕಳಸ್ರಿ. ರೀತಿ ರಿವಾಜು ಆಮ್ಯಾಲ ನೋಡೂಣು."

ಹೆಂಡತಿ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಅವರು ಹೇಳಿದ್ದರಲ್ಲಿ ತಪ್ಪೇನಿತ್ತು? ಅದಕ್ಕೇ ಆ ಮಾತು ಇನ್ನಷ್ಟು ಚುಚ್ಚಿತು.

ಮರುದಿನವೇ ನಾನೂ ಎಸಿ ತರುವುದೆಂದು ಗಟ್ಟಿಮಾಡಿದೆ. ಟೇಪು ಹಿಡಿದು ಓಣಿಯ ಕಡೆಯ ಗೋಡೆ ಅಳೆಯತೊಡಗಿದೆ. ಅಂಗಡಿಯವನು ಹೊರಗಿನ ಡಬ್ಬಿಗೆ ಎಷ್ಟು ಜಾಗ ಬೇಕೆಂದು ಫೋನಿನಲ್ಲಿ ಹೇಳಿದ್ದ. ಆ ಗೋಡೆಯ ನೆರಳಿನಲ್ಲಿ ಎದುರುಮನೆಯ ಮುದುಕಿ ಹೊರಸು, ಅಂದರೆ ಹಗ್ಗದ ಮಂಚ, ಹಾಕಿಕೊಂಡು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಮುಸಲ್ಮಾನರ ಹೆಣ್ಣುಮಗಳು, ನಾನು ಚಡ್ಡಿ ಹಾಕುವ ಕಾಲದಿಂದ ನನಗೆ ದೊಡ್ಡವ್ವ. ಅವಳ ಮನೆಗೆ ತಗಡಿನ ಮಾಡು. ಬೇಸಿಗೆಯ ಮಧ್ಯಾಹ್ನ ಒಳಗೆ ಇರಲಾಗುವುದಿಲ್ಲ. ನಮ್ಮ ಗೋಡೆಯ ನೆರಳೇ ಅವಳ ಪಡಸಾಲೆ.

"ಏನ್ ಅಳತಿ ಮಾಡಾಕತ್ತೀಯೋ ತಮ್ಮಾ? ಗ್ವಾಡಿ ಮಾರಾಂವೇನು?"

ಹೇಳಿದೆ. ಒಳಗಿನ ಕಾವನ್ನು ಎಳೆದು ಈ ಕಡೆ ಊದುತ್ತದೆ ಎಂದೂ ಹೇಳಿದೆ.

ಅವಳು ಬೆಳ್ಳುಳ್ಳಿಯ ಸಿಪ್ಪೆ ಊದಿದಳು. "ಹಂಗಾದ್ರ ನಾ ಆ ಬೇವಿನ ಗಿಡದ ಬುಡಕ್ಕ ಹೊಕ್ಕೇನಿ. ಅಲ್ಲಿ ಕಟ್ಟಿರಿವಿ ಕಡೀತಾವು, ಕಡೀಲಿ ತಗೊ. ಕೂಸಿಗಿ ತಂಪಾಗ್ಲಿ." ಅಷ್ಟು ಹೇಳಿ, ಹೊರಸನ್ನು ಆಗಲೇ ಎಳೆಯಲು ಎದ್ದಳು.

ನನ್ನ ಟೇಪು ತಾನಾಗಿ ಡಬ್ಬಿಯೊಳಗೆ ಸುತ್ತಿಕೊಂಡಿತು. ಬೈದಿದ್ದರೆ ಜಗಳ ಮಾಡಿ ಎಸಿ ಕೂಡಿಸುತ್ತಿದ್ದೆನೋ ಏನೋ. "ಕುಂಡ್ರು ದೊಡ್ಡವ್ವಾ, ಇನ್ನೂ ತಂದಿಲ್ಲ," ಎಂದು ಒಳಗೆ ಬಂದೆ.

ಆ ಭಾನುವಾರ ನಮ್ಮ ವಿಹಾರಕ್ಕೆ ಹೋದೆ. ವಿಹಾರ ಎಂದರೆ ದೊಡ್ಡದೇನಲ್ಲ, ಒಂದು ಖೋಲಿ, ಒಂದು ಬುದ್ಧನ ಮೂರ್ತಿ, ಒಂದು ಗಂಟೆ. ವಯಸ್ಸಾದ ಭಂತೇಜಿ ಒಬ್ಬರು ನಾಲ್ಕಾರು ವರ್ಷದಿಂದ ಮಳೆಗಾಲದಲ್ಲಿ ಬಂದು ಉಳಿಯುತ್ತಾರೆ. ಮಳೆಗಾಲದಲ್ಲಿ ಭಿಕ್ಕುಗಳು ಊರೂರು ತಿರುಗಬಾರದಂತೆ. ಮೊಳಕೆ, ಹುಳುಹುಪ್ಪಟೆ ಕಾಲಡಿ ಸಿಕ್ಕುತ್ತವೆ ಎಂದು. ಈ ಸಲ ಬೇಸಿಗೆಯಲ್ಲೇ ಬಂದಿದ್ದರು. "ಯಾಕ್ರಿ ಇಷ್ಟ ಜಲ್ದಿ?" ಎಂದರೆ, "ಮಳಿಗಾಲ ಯಾವಾಗ ಅಂತ ಈಗ ಪಂಚಾಂಗ ಹೇಳೂದಿಲ್ಲ, ಮೊದಲ ಬಂದು ಕುಂತೇನಿ," ಎಂದು ನಕ್ಕರು.

ವಂದನೆ ಮುಗಿದು ಎಲ್ಲರೂ ಹೋದ ಮೇಲೆ ನನ್ನ ಸಂಕಟ ಹೇಳಿಕೊಂಡೆ. ಎಸಿ, ದೊಡ್ಡವ್ವ, ಬೀಗತಿ. ಹಾಗೇ ಹರಿದು ಹೋಗಿ, ನಾನು ಕಿತ್ತ ಮೇಲ್ಮುದ್ದೆಗಳ ಮಾತೂ ಬಂತು. ಸಿಮೆಂಟು ಎಂದರೆ ಸುಟ್ಟ ಕಲ್ಲು, ಸರಳು ಎಂದರೆ ಕರಗಿಸಿದ ಅದಿರು. ಎಲ್ಲೋ ಒಂದು ಕಡೆ ಕಲ್ಲಿದ್ದಲ ರಾಶಿ ಉರಿದರೇ ನನ್ನ ಸ್ಲ್ಯಾಬು. ಊರೂರಿಗೆ ಆ ಬೆಂಕಿ ಹಂಚಿ ಬಂದವನ ಮೊಮ್ಮಗಳಿಗೇ ಗುಳ್ಳೆ ಎದ್ದಿದೆ ಎಂದೆ.

ಭಂತೇಜಿ ಕೇಳಿದರು, "ಕೂಸು ತಂಪಾಗಿರಬೇಕು ಅಂತೀರೋ, ನಿಮ್ಮ ಮನ್ಯಾಗ ಇರಬೇಕು ಅಂತೀರೋ?"

"ಎರಡೂ ಒಂದ ಅಲ್ಲೇನ್ರಿ?"

"ಒಂದ ಆಗಿದ್ರ ಬೀಗತಿ ಮಾತು ಯಾಕ ಚುಚ್ಚಿತು?"

ನನಗೆ ಸಿಟ್ಟು ಬಂತು. ಭಿಕ್ಕುಗಳಿಗೆ ಮೊಮ್ಮಕ್ಕಳೆಲ್ಲಿ, ಇವರಿಗೇನು ಗೊತ್ತು ಎಂದುಕೊಂಡೆ. ಅವರು ನನ್ನ ಮುಖ ಓದಿದರೋ ಏನೋ, ದನಿ ಇಳಿಸಿದರು.

"ತಪ್ಪ ಮಾಡೇನಿ ತಪ್ಪ ಮಾಡೇನಿ ಅಂತ ಹೊತಗೊಂಡ ತಿರಗಬ್ಯಾಡ್ರಿ. ಅದೂ ಒಂದ ಬುಟ್ಟಿ. ನೀವು ಸ್ಲ್ಯಾಬ್ ಹಾಕಿದ್ದು ಮಂದಿನ್ನ ಸುಡಾಕಲ್ಲ. ನಿಮ್ಮ ಅಪ್ಪಗ ಆದ ಅಪಮಾನ ಐತಿ ಅದರ ಹಿಂದ, ಅದರ ಹಿಂದ ಮತ್ತೊಂದು. ಒಂದರ ಮ್ಯಾಲೊಂದು ಕುಂತಾವು, ನೀವು ಇಟ್ಟಂಗಿ ಇಟ್ಟಂಗ. ಯಾವುದೂ ತಾನ ನಿಂತಿಲ್ಲ. ಹಂಗಂತ ಒಂದ ಇಟ್ಟಂಗಿನೂ ಸರಸಾಕ ಆಗೂದಿಲ್ಲ ಅಂತಲ್ಲ. ಕೆಲಸ ಬರ್ತೈತಿ ಹೌದಿಲ್ಲೊ? ಹೋಗಿ ಕೈಗಿ ಸಿಕ್ಕದ್ದನ್ನ ಮಾಡ್ರಿ."

ದಾರಿಯುದ್ದಕ್ಕೂ ಆ ಮಾತು ಅಗಿಯುತ್ತ ಬಂದೆ. ವಂದನೆಯ ಕಡೆಗೆ ಎಲ್ಲ ಜೀವಗಳಿಗೂ ಒಳ್ಳೆಯದಾಗಲಿ ಎನ್ನುತ್ತೇವೆ. ಮೂವತ್ತು ನಲವತ್ತು ವರ್ಷ ಅಂದಿದ್ದೇನೆ. ಎಲ್ಲ ಜೀವ ಎಂದಾಗ ಕಣ್ಣ ಮುಂದೆ ಯಾವ ಮುಖವೂ ಬಂದಿರಲಿಲ್ಲ. ಅಂದು ಮೊದಲ ಸಲ ಹೊರಸು ಎಳೆಯುವ ಒಂದು ಮುದುಕಿ ಕಂಡಳು. ಕಾಲ ಕೆಟ್ಟಿತು, ಬಿಸಿಲು ಹೆಚ್ಚಿತು ಎಂದು ಚಹದಂಗಡಿಯಲ್ಲಿ ದಿನವೂ ಮಾತಾಡುತ್ತೇವೆ. ಆ ಕಾವು ನನ್ನ ಗೋಡೆಯಿಂದ ಯಾರ ಕಡೆ ಹೋಗುತ್ತದೆ ಎಂದು ಯಾರೂ ಕೇಳುವುದಿಲ್ಲ.

ಮನೆಗೆ ಬಂದವನೇ ಹಿತ್ತಲ ಖೋಲಿಯ ಬಾಗಿಲು ತೆಗೆದೆ. ಕುಳ್ಳಿನ ವಾಸನೆ, ಜೇಡರ ಬಲೆ. ಆದರೆ ಸುಡುವ ಮಧ್ಯಾಹ್ನದಲ್ಲಿ ಆ ನೆಲ ತಣ್ಣಗಿತ್ತು. ಅಪ್ಪ ಒಳಗಿದ್ದು ಬಾಗಿಲು ತೆಗೆದಂತಾಯಿತು.

ಹೆಂಡತಿಗೆ ಹೇಳಿದೆ: ಈ ಮೇಲ್ಮುದ್ದೆ ಬಿಚ್ಚಿ ಹೊಸದು ಮಾಡುತ್ತೇನೆ, ಬಾಣಂತಿಯನ್ನು ಇಲ್ಲಿ ಮಲಗಿಸೋಣ.

"ಮತ್ತ ಮಣ್ಣ ಹೊರೂದೇನು? ನಿಮ್ಮಪ್ಪ ಹೊತ್ತು ಹೊತ್ತು ಸವದದ್ದು ಸಾಲಲಿಲ್ಲ?"

"ಅಪ್ಪ ಮಂದಿ ಮನಿಗಿ ಹೊತ್ತಾ. ನಾ ನನ್ನ ಮಮ್ಮಗಳಿಗಿ ಹೊರ್ತೇನಿ."

ಅವಳು ಸೀರೆ ಎತ್ತಿ ಕಟ್ಟಿ ಕುಳ್ಳು ಹೊರಗೆ ಹಾಕತೊಡಗಿದಳು.

ಇನ್ನು ನನ್ನ ತಪ್ಪು. ಗೌಂಡಿಗಳಿಗೆ ಒಂದು ಲೆಕ್ಕವಿದೆ: ಯುಗಾದಿ ಆದ ಮೇಲೆ ಮೇಲ್ಮುದ್ದೆ ಬಿಚ್ಚು, ರೋಹಿಣಿ ಮಳೆಗೆ ಮುಂಚೆ ಮುಚ್ಚು. ನಡುವೆ ಒಂದೆರಡು ಅಡ್ಡಮಳೆ ಬಂದರೂ ಗುಡುಗಿ, ಧೂಳೆಬ್ಬಿಸಿ ಹೋಗುತ್ತವೆ. ಒಂದು ತಾಡಪತ್ರಿ ಹೊದಿಸಿದರೆ ಸಾಕು. ಆ ಲೆಕ್ಕ ನಂಬಿ ಹಳೆಯ ಮಣ್ಣು ಇಳಿಸತೊಡಗಿದೆ. ಹಳ್ಳದಾಚೆಯಿಂದ ಸವಳು ತಂದು ಅಂಗಳದಲ್ಲಿ ಗುಡ್ಡೆ ಹಾಕಿದೆ. ಮೂರು ಮೂಲೆ ಬಿಚ್ಚಿ ನಾಲ್ಕನೆಯದಕ್ಕೆ ಗುದ್ದಲಿ ಎತ್ತಿದಾಗ ಜಂತಿಯ ಸಂದಿಯಿಂದ ಚೀಂವ್ ಚೀಂವ್ ಎಂದಿತು. ಗುಬ್ಬಿಯ ಗೂಡು. ಮೂರು ಮರಿ, ಇನ್ನೂ ಪುಕ್ಕ ಬಲಿತಿರಲಿಲ್ಲ.

ಗುದ್ದಲಿ ಇಳಿಸಿದೆ. ಜೀವ ತೆಗೆಯುವುದಿಲ್ಲ ಎಂದು ಬುದ್ಧನ ಮುಂದೆ ಮಾತು ಕೊಟ್ಟವನು. ಅದಕ್ಕಿಂತ ಹೆಚ್ಚಾಗಿ, ಮನೆಯಲ್ಲಿ ಕೂಸು ಇಟ್ಟುಕೊಂಡು ಕೂಸುಗಳಿದ್ದ ಮನೆ ಕೆಡವಲು ಕೈ ಬರಲಿಲ್ಲ. ನಾಲ್ಕು ದಿನ ಬಿಟ್ಟರೆ ಹಾರುತ್ತವೆ, ರೋಹಿಣಿ ಇನ್ನೂ ದೂರ ಎಂದು ಕೆಲಸ ನಿಲ್ಲಿಸಿದೆ.

ಮೂರನೆಯ ದಿನ ಮಗಳು, ಹೆಂಡತಿ, ನಾನು ಕೂಸಿಗೆ ಲಸಿಕೆ ಹಾಕಿಸಲು ಇಂಡಿಗೆ ಹೋಗಿದ್ದೆವು. ಮಧ್ಯಾಹ್ನ ಮೋಡ ಕವಿಯಿತು. ಗುಡುಗಿ ಹೋಗುವ ಮಳೆಯಲ್ಲ ಅದು. ಶ್ರಾವಣದ ಜಡಿ ಹಿಡಿದಂತೆ ಹಿಡಿಯಿತು, ವೈಶಾಖದಲ್ಲಿ! ಬಸ್ಸಿನ ಕಿಟಕಿಯಿಂದ ನೋಡುತ್ತ ನನ್ನ ಜೀವ ಬಾಯಿಗೆ ಬಂತು. ಊರು ಮುಟ್ಟಿದಾಗ ತಾಡಪತ್ರಿ ಹಾರಿ ಬೇಲಿಗೆ ಸಿಕ್ಕಿಕೊಂಡಿತ್ತು. ಬಿಚ್ಚಿದ ಮಾಡಿನಿಂದ ಖೋಲಿಯೊಳಗೆ ನೀರು ಸುರಿಯುತ್ತಿತ್ತು. ಮೂರು ದಿನ ಬಿಡಲಿಲ್ಲ. ಗೋಡೆಯ ಒಂದು ಮಗ್ಗುಲು ನೆನೆದು ಕುಸಿಯಿತು.

ಮಗಳು ಬಾಗಿಲಲ್ಲಿ ಕೂಸನ್ನು ಎತ್ತಿಕೊಂಡು ನಿಂತಿದ್ದಳು. "ಗುಬ್ಬಿ ಬಾಣಂತನ ಮಾಡಾಕ ಹೋಗಿ ನನ್ನ ಬಾಣಂತನ ಕೆಡಿಸಿದ್ಯೋ ಯಪ್ಪಾ," ಎಂದಳು. ನಗುತ್ತಲೇ ಅಂದಳು, ಕಣ್ಣಲ್ಲಿ ಮಾತ್ರ ನೀರಿತ್ತು. ಅವಳಿಗೂ ತವರಲ್ಲಿ ಐದು ತಿಂಗಳು ಇರಬೇಕೆಂಬ ಆಸೆ ಎಷ್ಟಿತ್ತೆಂದು ಆಗಲೇ ತಿಳಿದದ್ದು.

ಸವಳಿನ ಗುಡ್ಡೆ ಕೊಚ್ಚಿ ಹೋಗಿರುತ್ತದೆ ಎಂದು ಅಂಗಳದ ಆ ಕಡೆ ನೋಡಿಯೇ ಇರಲಿಲ್ಲ. ಮಳೆ ನಿಂತ ಮೇಲೆ ನೋಡಿದರೆ ಗುಡ್ಡೆಯ ಮೇಲೆ ಒಂದು ಹೊರಸು ಬೋರಲಾಗಿ ಬಿದ್ದಿದೆ. ಅದರ ಮೇಲೆ ಗೊಬ್ಬರದ ಚೀಲ, ಹಳೆಯ ಕೌದಿ, ಎಲ್ಲದರ ಮೇಲೆ ಎರಡು ಕಲ್ಲು. ಓಣಿಯ ದೊಡ್ಡವ್ವ ತನ್ನ ಬಾಗಿಲಲ್ಲಿ ನೆಲದ ಮೇಲೆ ಕುಳಿತಿದ್ದಳು.

"ನೀವು ಊರಾಗ ಇರಲಿಲ್ಲ. ನನ್ನ ಕೈಲೆ ಮಣ್ಣ ಎತ್ತಾಕ ಆಗತೈತೇನು? ಹೊರಸ ಹೊಚ್ಚಿನಿ. ಅರ್ಧಾ ಹೋತು, ಅರ್ಧಾ ಐತಿ ನೋಡು."

"ಮತ್ತ ಮೂರು ದಿನ ನೀ ಎಲ್ಲಿ ಮಲಗಿದ್ದಿ ದೊಡ್ಡವ್ವಾ?"

"ನೆಲಾ ಎಲ್ಲಿ ಹೋಗೇತಿ?" ಎಂದಳು.

ನಾನು ಅವಳಿಗಾಗಿ ಎಸಿ ಬಿಟ್ಟದ್ದು ಅವಳಿಗೆ ಗೊತ್ತಿರಲಿಲ್ಲ, ಇಂದಿಗೂ ಗೊತ್ತಿಲ್ಲ. ಇದಕ್ಕೆ ಅದು ಬದಲಿ ಎಂದು ನಾನು ಬರೆಯುತ್ತಿಲ್ಲ. ಅವಳು ಹೇಗೂ ಹೊರಸು ಹೊಚ್ಚುತ್ತಿದ್ದಳು. ನನಗೆ ನಾಚಿಕೆಯಾದದ್ದು ಬೇರೆ ಕಾರಣಕ್ಕೆ: ಒಂದು ಮಳೆಗೆ ನಾನು ಎಲ್ಲ ಮುಗಿಯಿತೆಂದು ಕೈ ಕಟ್ಟಿ ಕುಳಿತಿದ್ದೆ, ಅವಳು ಉಳಿಯುವುದನ್ನು ಉಳಿಸುತ್ತಿದ್ದಳು. ಭಂತೇಜಿ ಹೇಳಿದ್ದು ಇದನ್ನೇ ಇರಬೇಕು. ನನಗೆ ವಿಹಾರದಲ್ಲಿ ತಿಳಿಯದ್ದು ಒಂದು ಬೋರಲು ಹೊರಸು ನೋಡಿ ತಿಳಿಯಿತು.

ಇನ್ನೊಂದನ್ನೂ ನೋಡಿದೆ. ಗುಬ್ಬಿಗೆಂದು ಬಿಟ್ಟ ಆ ಒಂದು ಮೂಲೆ, ಅಪ್ಪ ಹಾಕಿದ ಹಳೆಯ ಮಣ್ಣು, ಒಂದು ಹನಿ ಸೋರಿರಲಿಲ್ಲ. ಮರಿಗಳು ಮರುದಿನ ಹಾರಿಹೋದವು. ಆ ಮೂಲೆಯನ್ನು ಬಿಚ್ಚದೆ ಹಾಗೇ ಉಳಿಸಿಕೊಂಡೆ. ಉಳಿದ ಮೂರು ಮೂಲೆಗೆ ಅರ್ಧ ಸವಳು ಸಾಕಾಯಿತು, ಮೇಲೊಂದಿಷ್ಟು ಮಣ್ಣೂ ಉಳಿಯಿತು. ಹುಣ್ಣಿಮೆಗೆ ಐದೇ ದಿನ. ನಾನು ಗೋಡೆ ಎಬ್ಬಿಸಿದೆ, ಹೆಂಡತಿ ಬೇವಿನ ತಪ್ಪಲು ಹಾಸಿದಳು, ಬಾಣಂತಿ ಮಗಳು ಕೆಳಗಿನಿಂದಲೇ "ಅಲ್ಲಿ ಸಂದಿ ಐತಿ, ಇಲ್ಲಿ ತಗ್ಗ ಐತಿ" ಎಂದು ಮುಕಾದಮತನ ಮಾಡಿದಳು. ಈ ಸಲ ರಾತ್ರಿಗೂ ಹಗಲಿಗೂ ತಾಡಪತ್ರಿಯನ್ನು ಹಗ್ಗ ಹಾಕಿ ಬಿಗಿದಿಟ್ಟೆ. ರೋಹಿಣಿಯ ಲೆಕ್ಕ ಇನ್ನು ನನ್ನ ಕೆಲಸಕ್ಕೆ ಬರುವುದಿಲ್ಲ. ದಿನಾ ಎದ್ದು ಆಕಾಶ ನೋಡಬೇಕು.

ಆಗಿ ಹುಣ್ಣಿಮೆ ನಮಗೆ ಬುದ್ಧ ಹುಟ್ಟಿದ ದಿನ. ವಿಹಾರಕ್ಕೆ ಹೋಗಿ ಹೂವಿಟ್ಟು ಬಂದೆವು. ಭಂತೇಜಿಯ ಆ ಹಳೆಯ ಪ್ರಶ್ನೆಗೆ ನನ್ನೊಳಗೆ ಉತ್ತರ ಸಿದ್ಧವಿತ್ತು, ಆದರೆ ಅದನ್ನು ಹೇಳಬೇಕಾದದ್ದು ಅವರಿಗಲ್ಲ.

ಮರುದಿನ ಮುದ್ದೇಬಿಹಾಳದಿಂದ ಗಾಡಿ ಬಂತು. ಬೀಗತಿ ಇಳಿಯುವ ಮೊದಲೇ ಹೇಳಿಬಿಟ್ಟೆ.

"ಅಕ್ಕಾರ, ಕೂಸಿಗಿ ಎಲ್ಲಿ ತಂಪೋ ಅಲ್ಲೆ ಇರ್ಲಿ. ನೋಡ್ರಿ, ನಿಮಗ ಸರಿ ಅನಿಸಿದ್ರ ಬಿಡ್ರಿ, ಇಲ್ಲಂದ್ರ ಕರಕೊಂಡ ಹೋಗ್ರಿ. ನಾ ಬ್ಯಾಡ ಅನ್ನೂದಿಲ್ಲ."

ಹೇಳಿ ಗಾಡಿಯ ಬಾಗಿಲು ತೆಗೆದು ಹಿಂದೆ ಸರಿದೆ.

ಬೀಗತಿ ಹಿತ್ತಲಿಗೆ ಬಂದು ಖೋಲಿಯೊಳಗೆ ಬಗ್ಗಿ ನೋಡಿದರು. ಸೆಗಣಿ ಸಾರಿಸಿದ ನೆಲ, ಮೇಲೆ ಬೆಳಕಿಂಡಿಯಿಂದ ಬೀಳುವ ಒಂದು ಬೊಗಸೆ ಬಿಸಿಲು, ತೊಲೆಗೆ ಕಟ್ಟಿದ ತೊಟ್ಟಿಲು. "ಇದರಾಗ?" ಎಂದು ಮೂಗು ಮುರಿದರು. ಉಂಡರು. ಬಿಸಿಲು ಇಳಿಯಲಿ, ಆಮೇಲೆ ಹೊರಡೋಣ ಎಂದು ತೊಟ್ಟಿಲ ಪಕ್ಕ ಚಾಪೆಯ ಮೇಲೆ ಸೆರಗು ಹಾಸಿ ಅಡ್ಡಾದರು.

ನಾಲ್ಕು ಹೊಡೆದರೂ ಏಳಲಿಲ್ಲ. ಗೊರಕೆ ಅಂಗಳಕ್ಕೆ ಕೇಳುತ್ತಿತ್ತು. ಕೂಸೂ ಮಲಗಿತ್ತು, ಗುಳ್ಳೆ ಬಾಡಿದ ಕೊರಳು ಒಣಗಿ ನುಣ್ಣಗಾಗಿತ್ತು. ಡ್ರೈವರು ಎರಡು ಸಲ ಬಂದು ಇಣುಕಿ ಹೋದ. ಐದಕ್ಕೆ ಎದ್ದು ಬೀಗತಿ ಸೆರಗಿನಿಂದ ಬಾಯಿ ಒರೆಸಿಕೊಂಡು ಹೊರಗೆ ಬಂದರು.

"ಬೀಗರ, ಎಸಿ ಹಚ್ಚಿದ್ರ ನನ್ನ ಮೊಣಕಾಲು ನೊಯ್ತಾವು. ಕರೆಂಟ್ ಹೋದ್ರ ಅದೂ ಇಲ್ಲ." ಸ್ವಲ್ಪ ಹೊತ್ತು ಮೇಲ್ಮುದ್ದೆ ನೋಡಿದರು. "ತಂಗಡಗಿ ಊರಾಗ ನಮ್ಮ ಹಿರೇರ ಮನಿ ಐತಿ, ಹಿಂಗ ಮಣ್ಣಿಂದು. ಈ ವರ್ಷ ಕೆಡವಬೇಕಂತ ಮಾಡಿದ್ವಿ."

"ನಿಲ್ರಿ," ಎಂದೆ. "ಗುದ್ದಲಿ ಹಚ್ಚಬ್ಯಾಡ್ರಿ. ನಾ ಒಮ್ಮಿ ಬಂದು ನೋಡ್ತೇನಿ."

"ನೋಡೀರಂತ. ಐದ ತಿಂಗಳ ಆದ ಮ್ಯಾಲ, ಕೂಸಿನ ಬೆನ್ನ ಹತ್ತಿ ಬರ್ರಿ." ಅಷ್ಟು ಹೇಳಿ ಒಬ್ಬರೇ ಗಾಡಿ ಹತ್ತಿದರು.

ಗಾಡಿ ಓಣಿ ದಾಟುವ ತನಕ ತಡೆದುಕೊಂಡೆ. ಆಮೇಲೆ ಈ ವಯಸ್ಸಿನಲ್ಲಿ ಅಂಗಳದಲ್ಲಿ ಕುಣಿದೆ. ಕುಣಿದದ್ದನ್ನು ಬರೆಯದಿದ್ದರೆ ಹೆಂಡತಿ ಹೇಗೂ ಎಲ್ಲರಿಗೂ ಹೇಳುತ್ತಾಳೆ. ದೊಡ್ಡವ್ವ ತನ್ನ ಹೊರಸಿನ ಮೇಲಿಂದ, "ಬೀಳತೀಯೋ, ಇನ್ನೊಂದ ಬಾಣಂತನ ಯಾರ ಮಾಡಬೇಕು?" ಎಂದಳು.

ನನಗೆ ಗೊತ್ತು, ಒಂದು ಖೋಲಿಯ ಮಣ್ಣಿನಿಂದ ಈ ದೇಶದ ಬಿಸಿಲು ಇಳಿಯುವುದಿಲ್ಲ. ಮುಂದಿನ ವರ್ಷ ಇನ್ನೂ ಹೆಚ್ಚಿಗೆ ಕಾಯಬಹುದು. ಕೂಸು ದೊಡ್ಡವಳಾಗುವ ಹೊತ್ತಿಗೆ ಹೇಗಿರುತ್ತದೋ. ಆದರೂ ಸಿಂದಗಿಯಿಂದ ಒಬ್ಬರು, ಬಾಗೇವಾಡಿಯಿಂದ ಒಬ್ಬರು ಮೇಲ್ಮುದ್ದೆ ಕೀಳಬೇಕು ಬಾ ಎಂದು ಕರೆದಾಗ, ಕೀಳುವ ಮುಂಚೆ ಒಂದು ಮಧ್ಯಾಹ್ನ ಅದರ ಕೆಳಗೆ ಮಲಗಿ ನೋಡ್ರಿ ಎಂದಿದ್ದೇನೆ. ಮಲಗಿದರೋ ಇಲ್ಲವೋ, ಅದು ಅವರಿಗೆ ಬಿಟ್ಟದ್ದು.

ಹೊಸ ಸವಳು ಒಣಗಿದ ಮೇಲೆ ಸಣ್ಣ ಬಿರುಕು ಬಿಡುತ್ತದೆ. ಅದಕ್ಕೆ ತೆಳ್ಳಗೆ ಎರಡನೆಯ ಪದರು ಹಾಕಿ ಕಾಲಿನಿಂದ ತುಳಿಯಬೇಕು. ಇಂದು ಬೆಳಿಗ್ಗೆ ಆ ಕೆಲಸ ಮಾಡಿದೆ. ನಿಚ್ಚಣಿಕೆ ಏರಿ, ಉಳಿಸಿಕೊಂಡಿದ್ದ ಸವಳು ಹರಡಿ, ಬರಿಗಾಲಿನಲ್ಲಿ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನಡೆದೆ. ಅಪ್ಪನ ಮೂಲೆಗೆ ಬಂದಾಗ ಕಾಲಿಗೆ ಮಣ್ಣು ಬೇರೆಯಾಗಿ ತಾಗಿತು, ಗಟ್ಟಿ, ತಣ್ಣಗೆ. ಕೆಳಗೆ ಮೊಮ್ಮಗಳು ಮಲಗಿದ್ದಳು. ಸದ್ದಾಗಬಾರದೆಂದು ಹಿಮ್ಮಡಿ ಊರದೆ ತುದಿಗಾಲಿನಲ್ಲಿ ತುಳಿದೆ. ಅಪ್ಪ ಎಷ್ಟು ಮನೆಗಳ ಮೇಲೆ ಹೀಗೆ ನಡೆದನೋ. ಕೆಳಗೆ ಯಾವ ಕೂಸು ಮಲಗಿದೆ ಎಂದು ನೋಡಲು ಅವನನ್ನು ಒಮ್ಮೆಯೂ ಒಳಗೆ ಬಿಡಲಿಲ್ಲ.

ನಾನು ಕೆಳಗಿಳಿದೆ. ಕೈಕಾಲು ತೊಳೆದುಕೊಂಡೆ. ಹೊಸ್ತಿಲು ದಾಟಿ ಒಳಗೆ ಹೋದೆ.